ಪ್ಲಾನ್ ಪಾಸ್ ಮಾಡಿದ್ದೂ ನಾವೇ, ಸದ್ದಿನ ದೂರು ಕೇಳಿದ್ದೂ ನಾವೇ

ನಮ್ಮದು ಸಣ್ಣ ಊರಿನ ಕೌನ್ಸಿಲ್. ಕಟ್ಟಡದ ಪ್ಲಾನ್ ನೋಡೋ ಕಮಿಟಿಲೂ ನಾನೇ ಇದ್ದೆ, ಅಕ್ಕಪಕ್ಕದವರ ಸದ್ದು ಗಲಾಟೆ ಅಂತ ದೂರು ಬಂದ್ರೆ ಅದೂ ನನ್ನ ಟೇಬಲ್‌ಗೇ ಬರ್ತಿತ್ತು. ಎರಡೂ ಬೇರೆ ಬೇರೆ ಫೈಲ್ ಅಂದ್ಕೊಂಡಿದ್ದೆ. ಪ್ಲಾನ್ ಅಂದ್ರೆ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಎತ್ತರ, ಪಾರ್ಕಿಂಗ್, ಬೆಂಕಿ ಬಿದ್ರೆ ಹೊರಗೆ ಓಡೋಕೆ ಮೆಟ್ಟಿಲು, ಇಷ್ಟು ಟಿಕ್ ಮಾಡಿ ಸೈನ್ ಹಾಕೋದು.

ಒಬ್ರು ವಯಸ್ಸಾದವರು ಬರೆದಿದ್ರು, ಪಕ್ಕದ ಬಿಲ್ಡಿಂಗಿನಿಂದ ರಾತ್ರಿಯೆಲ್ಲ ಗುಂಯ್ ಅನ್ನುತ್ತೆ, ನಿದ್ದೆ ಇಲ್ಲ ಅಂತ. ನಾನು ಹೋಗಿದ್ದು ಬೆಳಗ್ಗೆ ಹನ್ನೊಂದಕ್ಕೆ, ರಸ್ತೆ ತುಂಬಾ ಗಾಡಿ, ಏನೂ ಕೇಳಿಸ್ಲಿಲ್ಲ, ವಾಪಸ್ ಬಂದು ಫೈಲಲ್ಲಿ "ಪರಿಶೀಲಿಸಲಾಗಿದೆ, ಶಬ್ದ ಕಂಡುಬಂದಿಲ್ಲ" ಅಂತ ಬರೆದೆ. (ಶಬ್ದ ಕಂಡುಬರೋದು ಹೇಗೆ, ಕೇಳಿಬರ್ಬೇಕು ತಾನೆ. ಆಫೀಸ್ ಭಾಷೆ ಅಂಟ್ಕೊಂಡ್ರೆ ಹಿಂಗೇ.) ಅವರು ಬೈಲಿಲ್ಲ, "ಒಂದಿನ ರಾತ್ರಿ ಬಾಮ್ಮ, ಈ ಮಂಚದ ಮೇಲೆ ಹತ್ತು ನಿಮಿಷ ಕೂತ್ಕೋ ಸಾಕು" ಅಂದ್ರು ಅಷ್ಟೆ.

ಇಂಜಿನಿಯರ್‌ನ ಕರ್ಕೊಂಡು ರಾತ್ರಿ ಹನ್ನೊಂದೂವರೆಗೆ ಹೋದೆ. ಕಿಟಕಿ ಮುಚ್ಚಿತ್ತು, ಆದ್ರೂ ಕಪಾಟಿನ ಗಾಜಿನ ಬಾಗಿಲು ಸಣ್ಣಗೆ ನಡುಗ್ತಾ ಇತ್ತು. ಹೊರಗೆ ಮೂರು ಮೀಟರ್ ದೂರದಲ್ಲಿ, ಪಕ್ಕದ ಗೋಡೆ ಮೇಲೆ ಎರಡು ದೊಡ್ಡ ಏಸಿ ಔಟ್‌ಡೋರ್ ಯೂನಿಟ್. ಫೋನ್ ಆಪ್ ನಂಬೋ ಹಾಗಿಲ್ಲ, ಅದಕ್ಕೆ ಸರಿಯಾದ ಮೀಟರೇ ತಂದು ಸರಿಯಾಗಿ 94 ಡೆಸಿಬಲ್ ಸದ್ದು ಕೊಡೋ ಕ್ಯಾಲಿಬ್ರೇಟರ್ ಇಟ್ಟು ಮೀಟರ್ ಸರಿ ಇದ್ಯಾ ಅಂತ ಚೆಕ್ ಮಾಡ್ಕೊಂಡು, ಆಮೇಲೆ ಕಿಟಕಿ ಹತ್ರ ಅಳೆದ್ವಿ. ಮಷಿನ್ ಓಡ್ತಿದ್ದಾಗ 53, ಆಫ್ ಮಾಡ್ಸಿದಾಗ 40. ಮಾಮೂಲಿ ಮೀಟರ್ ಸೆಟ್ಟಿಂಗಲ್ಲಿ ಇಂಥ ತಗ್ಗು ದನಿಯ ಗುಂಯ್ ಕಮ್ಮಿಯಾಗೇ ಕಾಣುತ್ತೆ, ಆದ್ರೂ ಅಷ್ಟು ವ್ಯತ್ಯಾಸ. ಡಬ್ಲ್ಯುಎಚ್‌ಒ 2009ರಲ್ಲಿ ಯುರೋಪ್‌ಗೆ ಅಂತ ಹೇಳಿದ ರಾತ್ರಿ ಮಿತಿ ಮನೆ ಹೊರಗೆ 40, ಆದ್ರೆ ಅದು ವರ್ಷದ ಸರಾಸರಿ, ಒಂದು ರಾತ್ರಿ ರೀಡಿಂಗ್ ಹಿಡ್ಕೊಂಡು ಅದರ ಜೊತೆ ಹೋಲಿಸಿ ಕೂಗಾಡೋಕೆ ಆಗಲ್ಲ. ನಂಗೆ ಬೇಕಿದ್ದು ಆನ್-ಆಫ್ ಮಧ್ಯದ ಆ 13 ಮಾತ್ರ.

ಓನರ್ ಒಳ್ಳೆಯವರೇ, "ರಾತ್ರಿ ಒಂದು ಆಫ್ ಮಾಡ್ತೀನಿ ಮೇಡಂ, ಸದ್ದು ಅರ್ಧ ಆಗುತ್ತೆ" ಅಂದ್ರು, ನಾನೂ ಖುಷಿಯಾಗಿ ಒಪ್ಕೊಂಡೆ. ರೀಡಿಂಗ್ ಬಂದಿದ್ದು 50! ಒಂದೇ ಥರದ ಎರಡು ಮಷಿನಲ್ಲಿ ಒಂದು ನಿಲ್ಲಿಸಿದ್ರೆ ಮೂರೇ ಡೆಸಿಬಲ್ ಇಳಿಯೋದು, ಕಿವಿಗೆ ಅದು ಗೊತ್ತಾದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ. ಅರ್ಧ ಆಯ್ತು ಅಂತ ಅನ್ನಿಸೋಕೆ ಹತ್ತಾದ್ರೂ ಇಳೀಬೇಕು. ಆಮೇಲೆ ಮಧ್ಯ ಒಂದು ತಡೆ ಕಟ್ಸಿದ್ವಿ, ಗಾಳಿಗೆ ಅಂತ ಕೆಳಗೆಲ್ಲ ಸಂದು ಬಿಟ್ರು, ಸದ್ದೂ ಅದೇ ಸಂದಲ್ಲಿ ಆರಾಮಾಗಿ ಬಂತು. ದುಡ್ಡು ದಂಡ.

ಆಗ ಹಳೇ ಪ್ಲಾನ್ ಫೈಲ್ ತೆಗೆಸ್ದೆ. ಡ್ರಾಯಿಂಗಲ್ಲಿ ಆ ಮೂರು ಮೀಟರ್ ಜಾಗ ಖಾಲಿ, ಸೆಟ್‌ಬ್ಯಾಕ್ ಅಂತಷ್ಟೇ ಬರೆದಿದೆ. ಮಷಿನ್ ಎಲ್ಲೂ ಇಲ್ಲ. ಕೆಳಗೆ ನನ್ನ ಸೈನು. ಗಾಳಿ ಬೆಳಕಿಗೆ ಅಂತ ನಾವು ಬಿಡಿಸೋ ಜಾಗದಲ್ಲೇ ಎಲ್ಲರೂ ಪಂಪು, ಜನರೇಟರು, ಏಸಿ ತಂದಿಡ್ತಾರೆ, ಅದು ಪಕ್ಕದವರ ಬೆಡ್‌ರೂಮ್ ಕಿಟಕಿಗೆ ನೇರ. ಮಂಚದ ಮೇಲೆ ಕೂರೋವರೆಗೂ ಇದು ನನ್ನ ತಲೆಗೆ ಹೋಗಿರ್ಲಿಲ್ಲ.

ಕೊನೆಗೆ ಎರಡನ್ನೂ ತಾರಸಿ ಆಚೆ ತುದಿಗೆ ಹಾಕ್ಸಿದ್ವಿ, ಕಿಟಕಿಯಿಂದ ಹನ್ನೆರಡು ಮೀಟರ್. ಇಂಥ ಮಷಿನ್‌ಗೆ ದೂರ ಡಬಲ್ ಆದ್ರೆ ಸುಮಾರು ಆರು ಡೆಸಿಬಲ್ ಕಮ್ಮಿ, ಇಲ್ಲಿ ಎರಡು ಸಲ ಡಬಲ್. ಜೊತೆಗೆ ಪ್ಯಾರಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಅಡ್ಡ ಬಂದು ಕಿಟಕಿಗೆ ಮಷಿನ್ ಕಾಣಲ್ಲ. ಮಷಿನ್ ಕೆಳಗೆ ನಡುಕ ತಡೆಯೋಕೆ ರಬ್ಬರ್ ಪ್ಯಾಡ್ ಹಾಕ್ಸಿದ್ವಿ, ಇಲ್ಲಾಂದ್ರೆ ಕೆಳಗಿನ ಮಹಡಿಯವರು ದೂರು ತರ್ತಿದ್ರು. ರೀಡಿಂಗ್ 42.

ಈಗ ಅರ್ಜಿಲಿ ಒಂದು ಸಾಲು ಸೇರ್ಸಿದೀವಿ: ಸದ್ದು ಮಾಡೋ ಮಷಿನ್ ಎಲ್ಲಿಡ್ತೀರ, ಹತ್ತಿರದ ಕಿಟಕಿಗೆ ಎಷ್ಟು ದೂರ, ಕಂಪನಿ ಹೇಳೋ ಡೆಸಿಬಲ್ ಎಷ್ಟು ದೂರದಲ್ಲಿ ಅಳೆದಿದ್ದು. ದೂರ ಹೇಳ್ದೆ ಬರೀ "65" ಅಂತ ಬರೆದ್ರೆ ಅದಕ್ಕೆ ಅರ್ಥನೇ ಇಲ್ಲ. ಆರ್ಕಿಟೆಕ್ಟ್‌ಗಳು ಗೊಣಗ್ತಾರೆ, ಕೆಲವರು ಇನ್ನೂ "ತಾರಸಿ ಮೇಲೆ" ಅಂತ ಎರಡೇ ಪದ ಬರೆದು ಕಳಿಸ್ತಾರೆ, ಯಾವ ಮೂಲೆ ಅಂತ ಕೇಳಿ ವಾಪಸ್ ಕಳಿಸ್ತೀವಿ.