ಮನೆ ಕೆಲಸದ ತಕರಾರು: ಗ್ರಾಹಕ ಆಯೋಗದಲ್ಲಿ ನ್ಯಾಯವಾದ ವಿಚಾರಣೆ ಪಡೆಯುವುದು ಹೇಗೆ?

ಕೇರಳದ ಗಡಿ ಜಿಲ್ಲೆ ಕಾಸರಗೋಡಿನಲ್ಲಿ, ಕುಂಬಳೆಯಿಂದ ಮುಳ್ಳೇರಿಯದವರೆಗೆ ನಮ್ಮ ಕಡೆ ಹೊಸ ಮನೆಯ ತಕರಾರು ಹೊರಬೀಳುವುದು ಹೆಚ್ಚಾಗಿ ಜೂನ್ ತಿಂಗಳಲ್ಲಿ. ಬೇಸಗೆಯಲ್ಲಿ ಗೃಹಪ್ರವೇಶ ಮುಗಿದು ಕೊನೆಯ ಕಂತೂ ಸಂದಿರುತ್ತದೆ. ಮಳೆ ಹಿಡಿದ ಮೇಲೆ ಟೆರೇಸಿನಿಂದ ನೀರು ಒಸರುತ್ತದೆ, ಕೆಂಪುಕಲ್ಲಿನ ಗೋಡೆಯಲ್ಲಿ ಬಿರುಕು ಮೂಡುತ್ತದೆ. ಕರೆದರೂ ಗುತ್ತಿಗೆದಾರರು ಬಾರದಿದ್ದಾಗ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗಬಹುದು. ವಸತಿ ನಿರ್ಮಾಣವೂ ‘ಸೇವೆ’ಯೇ ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಖ್ಯೆಯಲ್ಲೂ ಅದು ಸೇರಿದೆ.

ಮೊದಲು ಮಾಡಬೇಕಾದದ್ದು ಕೈ ತಡೆಯುವುದು. ಸೋರುವ ಮಾಡಿನ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡವರಿಗೆ ಇದು ಕಷ್ಟದ ಮಾತೆಂಬುದು ನಿಜ. ಆದರೂ ಗುತ್ತಿಗೆದಾರರಿಗೆ ದೋಷವನ್ನು ನೋಡುವ ಅವಕಾಶವನ್ನೇ ಕೊಡದೆ ಬೇರೆ ಮೇಸ್ತ್ರಿಯಿಂದ ಒಡೆದು ಕಟ್ಟಿಸಿದರೆ ಆಮೇಲೆ ಆಯೋಗದ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ದೋಷಗಳನ್ನು ಕೋಣೆವಾರು ಬರೆದು, ತಾರೀಕು ಕಾಣುವ ಚಿತ್ರಗಳೊಂದಿಗೆ, ಇಂತಿಷ್ಟು ದಿನದೊಳಗೆ ಬಂದು ನೋಡಿ ಸರಿಪಡಿಸಬೇಕೆಂದು ಪತ್ರ ಕಳುಹಿಸಿ; ಅದು ತಲುಪಿದ್ದಕ್ಕೆ ಅಂಚೆಯ ದಾಖಲೆಯನ್ನು ಜೋಪಾನವಾಗಿಡಿ. ಕಾಯಲಾಗದ ದುರಸ್ತಿ ಇದ್ದರೆ ಅದನ್ನೂ ಮೊದಲೇ ತಿಳಿಸಿ, ಕೆಲಸಕ್ಕೆ ಮುನ್ನ ಎಂಜಿನಿಯರರೊಬ್ಬರಿಂದ ಅಳತೆ ಮತ್ತು ವರದಿ ಮಾಡಿಸಿಕೊಳ್ಳಿ.

ದೂರು ಸಲ್ಲಿಸುವುದು ಅಷ್ಟು ತೊಡಕಿನ ಕೆಲಸವಲ್ಲ. ತಕರಾರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಕೆಲಸಕ್ಕೆ ಪ್ರತಿಫಲವಾಗಿ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ. ಗಡಿಯವರಿಗೆ ಮುಖ್ಯವಾದ ಅನುಕೂಲವೊಂದಿದೆ. ಗುತ್ತಿಗೆದಾರರ ಕಚೇರಿ ತಲಪಾಡಿ ಗಡಿಯಾಚೆ ಮಂಗಳೂರಿನಲ್ಲಿದ್ದರೂ, ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಕಾಯಿದೆ ಅವಕಾಶ ಮಾಡಿದೆ. ವಕೀಲರನ್ನು ಇಡಲೇಬೇಕೆಂದಿಲ್ಲ.

ಇನ್ನು ಎದುರು ಕಕ್ಷಿಯ ಹಕ್ಕು. ದೂರಿನ ಪ್ರತಿಯೊಂದಿಗೆ ನೋಟಿಸ್ ತಲುಪಿದ ಮೇಲೆ ಉತ್ತರಿಸಲು ಅವರಿಗೆ 30 ದಿನಗಳಿವೆ; ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು. ಅದಕ್ಕಿಂತ ಹೆಚ್ಚು ಕೊಡುವ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್ 4ರಂದು ತೀರ್ಪಿತ್ತಿದೆ. ಆದ್ದರಿಂದ ಗುತ್ತಿಗೆದಾರರ ಸರಿಯಾದ ವಿಳಾಸ ಕೊಡುವುದು ದೂರುದಾರರಿಗೇ ಒಳ್ಳೆಯದು, ಏಕೆಂದರೆ ನೋಟಿಸೇ ತಲುಪದೆ ಏಕಪಕ್ಷೀಯವಾಗಿ ಪಡೆದ ಆದೇಶ ಮೇಲ್ಮನವಿಯಲ್ಲಿ ಬಿದ್ದುಹೋಗಿ ಎಲ್ಲವೂ ಮೊದಲಿನಿಂದ ಆರಂಭವಾಗಬಹುದು. ಇತ್ತ ಊರಿನ ಮೇಸ್ತ್ರಿಗಳಿಗೂ ಒಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬಂದ ನೋಟಿಸನ್ನು ಅರ್ಥವಾಗಲಿಲ್ಲವೆಂದು ಬದಿಗಿಡಬೇಡಿ. ಅದೇ ದಿನ ತಿಳಿದವರಿಂದ ಓದಿಸಿ, ತಾರೀಕನ್ನು ಬರೆದಿಟ್ಟುಕೊಳ್ಳಿ. ಕನ್ನಡದ ಎಸ್ಟಿಮೇಟು, ಲೆಕ್ಕದ ಪುಸ್ತಕಗಳನ್ನು ಹಾಜರುಪಡಿಸುವಾಗ ಎರಡೂ ಕಡೆಯವರು ಭಾಷಾಂತರವನ್ನೂ ಜೊತೆಗಿಡುವುದು ಕ್ಷೇಮ.

ಇಂಥ ವ್ಯಾಜ್ಯದಲ್ಲಿ ಎಲ್ಲಕ್ಕಿಂತ ತೂಕದ ಹಂತ ತಜ್ಞ ಕಮಿಷನರರ, ಅಂದರೆ ಮನೆ ನೋಡಿ ವರದಿ ಕೊಡಲು ಆಯೋಗ ನೇಮಿಸುವ ಎಂಜಿನಿಯರರ, ಪರಿಶೀಲನೆ ಎಂಬುದು ನನ್ನ ಅಭಿಪ್ರಾಯ. ಆಯೋಗದ ಸದಸ್ಯರು ನಿಮ್ಮ ಮನೆಯನ್ನು ನೋಡುವುದು ಹೆಚ್ಚಾಗಿ ಈ ವರದಿಯ ಮೂಲಕವೇ. ದೂರಿನೊಂದಿಗೇ ಇದಕ್ಕೆ ಅರ್ಜಿ ಕೊಟ್ಟು, ಮಳೆ ನಿಲ್ಲುವ ಮುನ್ನವೇ ಪರಿಶೀಲನೆ ನಡೆಯಬೇಕೆಂದು ಕಾರಣಸಹಿತ ಕೇಳಿಕೊಳ್ಳಿ. ಜನವರಿಯಲ್ಲಿ ಬಂದವರಿಗೆ ಒಣಗಿದ ಕಲೆಯಷ್ಟೇ ಕಾಣುತ್ತದೆ. ಅರ್ಜಿಯಲ್ಲಿ ಪ್ರಶ್ನೆಗಳು ಸ್ಪಷ್ಟವಾಗಿರಲಿ: ಬಿರುಕು ಗಾರೆಯದೋ ಪಂಚಾಂಗ (ಅಡಿಪಾಯ) ಕುಸಿದದ್ದರದೋ, ಒಪ್ಪಂದದಲ್ಲಿ ಬರೆದ ಕಂಬಿ ಮತ್ತು ಸಿಮೆಂಟು ಬಳಕೆಯಾಗಿದೆಯೇ, ಸರಿಪಡಿಸಲು ತಗಲುವ ವೆಚ್ಚವೆಷ್ಟು. ಪರಿಶೀಲನೆಯ ದಿನ ಇಬ್ಬರಿಗೂ ಮುಂಚಿತವಾಗಿ ತಿಳಿಯಬೇಕು, ಇಬ್ಬರೂ ಸ್ಥಳದಲ್ಲಿರಬೇಕು. ಬಂದ ಎಂಜಿನಿಯರರನ್ನು ಒಳಗೆ ಕರೆದು ಗುತ್ತಿಗೆದಾರರನ್ನು ಗೇಟಿನ ಹೊರಗೆ ನಿಲ್ಲಿಸುವುದು ಮನೆಯವರು ತಮಗೇ ಮಾಡಿಕೊಳ್ಳುವ ಕೇಡು. ವರದಿಯ ಪ್ರತಿ ಕೈಸೇರಿದೊಡನೆ ಓದಿ, ಅಳತೆ ತಪ್ಪಿದ್ದರೆ ಅಥವಾ ಕೇಳಿದ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಲಿಖಿತ ಆಕ್ಷೇಪ ಸಲ್ಲಿಸಬೇಕು. ಆಗ ಸುಮ್ಮನಿದ್ದು ಮೇಲ್ಮನವಿಯಲ್ಲಿ ಮೊದಲ ಬಾರಿಗೆ ತಗಾದೆ ತೆಗೆದರೆ ಅದಕ್ಕೆ ಬಲವಿರುವುದಿಲ್ಲ.

ಸಾಕ್ಷ್ಯ ಸಾಮಾನ್ಯವಾಗಿ ಅಫಿಡವಿಟ್ ಮತ್ತು ದಾಖಲೆಗಳ ಮೂಲಕ ನಡೆಯುತ್ತದೆ. ಹಣ ಕೊಟ್ಟ ಬ್ಯಾಂಕ್ ವಿವರ, ವಾಟ್ಸ್‌ಆ್ಯಪ್ ಮಾತುಕತೆ ಎಲ್ಲವನ್ನೂ ತಾರೀಕಿನ ಕ್ರಮದಲ್ಲಿ ಪಟ್ಟಿ ಮಾಡಿ, ಒಂದು ಪ್ರತಿ ಎದುರು ಕಕ್ಷಿಗೆ ಕೊಡಿ. ನಿಮಗೆ ಪ್ರತಿಕೂಲವಾದ ಸಂದೇಶವನ್ನು ಮಾತ್ರ ಬಿಟ್ಟು ಉಳಿದದ್ದನ್ನು ಸಲ್ಲಿಸಬೇಡಿ. ಆ ಸಂದೇಶ ಅವರ ಫೋನಿನಲ್ಲೂ ಇರುತ್ತದೆ. ಹೇಳಿಕೆಯ ಸತ್ಯವನ್ನೇ ಪರೀಕ್ಷಿಸಬೇಕಾದಾಗ ಪಾಟೀಸವಾಲಿಗೆ ಲಿಖಿತವಾಗಿ ಅನುಮತಿ ಕೋರಿ. ರಾಜಿಯ ಸಾಧ್ಯತೆ ಕಂಡರೆ ಆಯೋಗ ಇಬ್ಬರ ಒಪ್ಪಿಗೆ ಪಡೆದು ಮಧ್ಯಸ್ಥಿಕೆಗೆ ಕಳುಹಿಸಬಹುದು.

ಆದೇಶ ಬಂದ ಮೇಲೆ, ನಿಮ್ಮ ಪ್ರತಿಯೊಂದು ವಾದಕ್ಕೂ ಅದರಲ್ಲಿ ಕಾರಣ ಕೊಡಲಾಗಿದೆಯೇ ಎಂದು ನೋಡಿ. ಇಲ್ಲವಾದರೆ ರಾಜ್ಯ ಆಯೋಗಕ್ಕೆ ಹೋಗಲು ಆದೇಶದ ದಿನದಿಂದ 45 ದಿನಗಳಿವೆ. ಹಣ ಪಾವತಿಸಬೇಕೆಂದು ಆದೇಶವಾದವರು ಮೇಲ್ಮನವಿಗೆ ಮುನ್ನ ಆ ಮೊತ್ತದ ಶೇ 50ರಷ್ಟನ್ನು ಠೇವಣಿ ಇಡಬೇಕು. ಏಕಪಕ್ಷೀಯ ಆದೇಶವನ್ನು ಜಿಲ್ಲಾ ಆಯೋಗ ತಾನೇ ರದ್ದುಪಡಿಸಲಾರದು; ನೋಟಿಸ್ ಸಿಗಲಿಲ್ಲವೆನ್ನುವ ಮೇಸ್ತ್ರಿಗೂ ಇರುವ ದಾರಿ ಇದೇ ಮೇಲ್ಮನವಿ, ಅವಧಿಯೂ ಇದೇ 45 ದಿನ.