ಕೇಮನ್ ಟ್ರ್ಯಾಕ್‌ಗೆ ಇಳಿಯುವ ಮುನ್ನ: ಎಂಜಿನ್ ಬಿಡಿ, ಬ್ರೇಕ್ ನೋಡಿ

ಪೋರ್ಷೆ ಕೇಮನ್ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ದುಡ್ಡು ಸುರಿಯುವುದು ಸೈಲೆನ್ಸರ್‌ಗೆ, ಇಲ್ಲವೇ ಎಂಜಿನ್ ರೀಮ್ಯಾಪ್‌ಗೆ (ಶಕ್ತಿ ಹೆಚ್ಚಿಸಲು ಎಂಜಿನ್‌ನ ಸಾಫ್ಟ್‌ವೇರ್ ಬದಲಿಸುವುದು). ನನ್ನ ಪ್ರಕಾರ ಎರಡೂ ಬೇಡ. 718 ಕೇಮನ್‌ನ 2 ಲೀಟರ್ ಟರ್ಬೊ ಎಂಜಿನ್ ಕಂಪನಿಯಿಂದ ಬಂದಾಗಲೇ 300 ಅಶ್ವಶಕ್ತಿ ಕೊಡುತ್ತದೆ. ರೇಸ್ ಟ್ರ್ಯಾಕ್‌ನಲ್ಲಿ ಶಕ್ತಿ ಸಾಲದೆ ಯಾರೂ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸಿ ನೋಡಿಕೊಳ್ಳುವ ಜಾಗ) ವಾಪಸ್ ಬರುವುದಿಲ್ಲ. ಬರುವುದು ಬ್ರೇಕು, ಟೈರು ಬಿಸಿಯಾಗಿ ಕೈಕೊಟ್ಟಾಗ.

ಬೆಂಗಳೂರಿನ ನಾವೆಲ್ಲ ಹೋಗುವುದು ಹೆಚ್ಚಾಗಿ ಶ್ರೀಪೆರಂಬುದೂರಿನ ಹತ್ತಿರ, ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಟ್ರ್ಯಾಕ್‌ಗೆ. ಒಂದು ಸುತ್ತು 3.717 ಕಿ.ಮೀ., 12 ತಿರುವು. ಚೆನ್ನೈ ಬಿಸಿಲಲ್ಲಿ ಕಾರಿಗೆ ತಣ್ಣಗಾಗಲು ಪುರುಸೊತ್ತೇ ಸಿಗುವುದಿಲ್ಲ. ಹಾಗಾಗಿ ತಯಾರಿ ಬ್ರೇಕ್ ಆಯಿಲ್‌ನಿಂದಲೇ ಶುರು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಹೀರಿದ್ದಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋದರೂ ಕಾರು ನಿಲ್ಲದಿರುವುದು ಇದಕ್ಕೇ. ನಾನು ಹಾಕುವುದು ಮೊಟುಲ್ ಆರ್‌ಬಿಎಫ್ 600. ಹೊಸದು ಕುದಿಯುವುದು 312 ಡಿಗ್ರಿಗೆ. ಆದರೆ ಇದೂ ತೇವ ಹೀರುತ್ತದೆ, ಅದಕ್ಕೇ ಆರು ತಿಂಗಳಿಗೊಮ್ಮೆ ಪೂರ್ತಿ ಬದಲಿಸುತ್ತೇನೆ. ಅರ್ಧ ಲೀಟರಿನ ಎರಡು ಬಾಟಲಿ ಬೇಕಾಗುತ್ತದೆ. ಓಪನ್ ಮಾಡಿ ಇಟ್ಟಿದ್ದ ಹಳೆಯ ಬಾಟಲಿ ಮಾತ್ರ ಬೇಡ.

ಹಳೆಯ ಆಯಿಲ್ ಹೊರಬಿಡುವ ಕ್ರಮ ಹೀಗೆ: ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ದೂರದ ಹಿಂದಿನ ಚಕ್ರ ಮೊದಲು, ಹತ್ತಿರದ ಮುಂದಿನದು ಕೊನೆಗೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ (ಆಯಿಲ್ ಹೊರಬಿಡುವ ಸ್ಕ್ರೂ) ಸಡಿಲಿಸಿ, ಮತ್ತೆ ಬಿಗಿ ಮಾಡಿದ ಮೇಲಷ್ಟೇ "ಬಿಡು" ಅನ್ನಬೇಕು. ಈ ಕಾರಿನ ಕ್ಯಾಲಿಪರ್‌ಗೆ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಒಳಗೊಂದು, ಹೊರಗೊಂದು ನಿಪ್ಪಲ್ ಇದೆ. ಒಳಗಿನದನ್ನು ಬಿಟ್ಟುಬಿಡುವ ಮೆಕ್ಯಾನಿಕ್‌ಗಳು ಕಮ್ಮಿಯಿಲ್ಲ. ಡಿಕಾಕ್ಷನ್ ಬಣ್ಣದ ಹಳೆಯ ಆಯಿಲ್ ಹೋಗಿ ತಿಳಿಯಾದದ್ದು ಬರುವವರೆಗೆ ಬಿಡಬೇಕು. ಪೆಡಲ್ ಅಡಿಗೆ ಮರದ ತುಂಡು ಇಟ್ಟುಕೊಳ್ಳಿ. ಪೂರ್ತಿ ನೆಲಕ್ಕೆ ಒತ್ತಿದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ಎಂದೂ ಹೋಗದ ಜಾಗಕ್ಕೆ ಹೋಗಿ, ಅಲ್ಲಿನ ತುಕ್ಕಿಗೆ ಉಜ್ಜಿ ಹರಿಯಬಹುದು.

ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಟ್ರ್ಯಾಕ್‌ಗೆ ಬೇಡ. ತೆಳುವಾದಷ್ಟೂ ಬಿಸಿ ನೇರ ಆಯಿಲ್‌ಗೆ ತಾಗುತ್ತದೆ. ಹೊಸ ಪ್ಯಾಡ್ ಹಾಕಿದರೆ ಅದನ್ನು ಪಳಗಿಸಬೇಕು: ಖಾಲಿ ರಸ್ತೆಯಲ್ಲಿ 100ರಿಂದ 30ಕ್ಕೆ ಎಂಟು-ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ, ಎಲ್ಲೂ ನಿಲ್ಲಿಸದೆ ಹತ್ತು ನಿಮಿಷ ನಿಧಾನಕ್ಕೆ ಓಡಿಸಿ ಆರಿಸುವುದು.

ಇನ್ನು ಕಾರಿನ ಮೂತಿ. ಎಂಜಿನ್ ಸೀಟುಗಳ ಹಿಂದಿದ್ದರೂ ಕೇಮನ್‌ನ ರೇಡಿಯೇಟರ್‌ಗಳಿರುವುದು ಮುಂದಿನ ಬಂಪರ್‌ನ ಎರಡು ಬದಿಯ ಕಿಂಡಿಗಳ ಹಿಂದೆ. ಟಾರ್ಚ್ ಹಾಕಿ ಇಣುಕಿದರೆ ಒಣಗಿದ ಎಲೆ, ಪ್ಲಾಸ್ಟಿಕ್ ಚೂರು, ಗುಬ್ಬಚ್ಚಿ ಗೂಡು ಕಟ್ಟುವಷ್ಟು ಕಸ ಕಾಣುತ್ತದೆ. ಅದು ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್‌ಗೆ ಅಂಟಿಕೊಂಡು ಗಾಳಿ ತಡೆಯುತ್ತದೆ, ಒದ್ದೆಯಾಗಿ ಅಲ್ಲೇ ಕೂತು ಅಲ್ಯೂಮಿನಿಯಂ ತಿನ್ನುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನ ಸಣ್ಣ ಮೂತಿ, ಮೃದು ಬ್ರಷ್ ಸಾಕು. ಪ್ರೆಷರ್ ವಾಷರ್ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಆಮೇಲೆ ಕಿಂಡಿಗೆ ಜಾಲರಿ ಹಾಕಿಸಿ.

ಟೈರ್‌ಗೆ ಗಾಳಿ ನೋಡುವುದು ಬೆಳಿಗ್ಗೆ, ಬಿಸಿಲು ಬೀಳುವ ಮುಂಚೆ. ತಣ್ಣಗಿದ್ದಾಗ 28 ಪಿಎಸ್‌ಐ ಇಡುತ್ತೇನೆ. ಬಿಸಿಯಾದಾಗ 33-34 ಇರಬೇಕು. ಪ್ರತಿ ಐದಾರು ಡಿಗ್ರಿಗೆ ಹೆಚ್ಚುಕಡಿಮೆ 1 ಪಿಎಸ್‌ಐ ಏರುತ್ತದೆ. ಮೊದಲ ಸೆಷನ್ ಮುಗಿಸಿ ಪಿಟ್‌ಗೆ ಬಂದ ತಕ್ಷಣ ಅಳೆದು, ಹೆಚ್ಚಾದದ್ದನ್ನು ಬಿಡಿ. ಹತ್ತು ನಿಮಿಷ ಬಿಟ್ಟು ಅಳೆದರೆ ಲೆಕ್ಕ ತಪ್ಪುತ್ತದೆ. ಬಲ ತಿರುವು ಜಾಸ್ತಿಯಿರುವ ಟ್ರ್ಯಾಕ್‌ನಲ್ಲಿ ಎಡಗಡೆಯ ಟೈರ್‌ಗಳು ಹೆಚ್ಚು ಬಿಸಿಯಾಗುತ್ತವೆ. ಮುಂದಿನ ಟೈರ್‌ಗಳ ಹೊರ ಅಂಚು ಬೇಗ ಸವೆಯುವುದು ಸಾದಾ ಕೇಮನ್‌ನ ಹಣೆಬರಹ, ಮುಂದಿನ ಚಕ್ರಗಳಿಗೆ ಸಿಗುವ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಕಮ್ಮಿ. ಎಲ್ಲರ ಕನಸಿನ ಕೇಮನ್ ಜಿಟಿ4 ಮಾಡೆಲ್‌ನಲ್ಲಿ ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸುವ ತೋಳು) ಎರಡು ಭಾಗದ್ದು, ನಡುವೆ ಶಿಮ್ (ತೆಳು ಲೋಹದ ಬಿಲ್ಲೆ) ಸೇರಿಸಿ ಕ್ಯಾಂಬರ್ ಹೆಚ್ಚಿಸಬಹುದು. ಅದರ 4 ಲೀಟರ್ ಎಂಜಿನ್‌ನ ಸದ್ದಿಗಿಂತ ನನಗೆ ಹೊಟ್ಟೆಕಿಚ್ಚು ಈ ಶಿಮ್‌ಗಳ ಬಗ್ಗೆ.

ವೀಲ್ ಬೋಲ್ಟ್ ಬಿಗಿ ಮಾಡುವುದು 160 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್‌ಗೆ. ಮೊದಲ ಸೆಷನ್ ಆದಮೇಲೆ ಚಕ್ರ ಆರಿದಾಗ ಟಾರ್ಕ್ ರೆಂಚ್‌ನಲ್ಲಿ ಮತ್ತೊಮ್ಮೆ ನೋಡಿ. ಚಕ್ರ ಕಳುವಾಗದಂತೆ ಹಾಕುವ ಲಾಕ್ ಬೋಲ್ಟಿನ ಸಾಕೆಟ್ ಮರೆಯಬೇಡಿ. ಡ್ರೈವರ್ ಕಡೆಯ ಮ್ಯಾಟ್ ತೆಗೆದಿಡಿ, ಪೆಡಲ್ ಅಡಿ ಸಿಕ್ಕಿಕೊಂಡೀತು. ಟೋ ಹುಕ್ (ಕಾರು ಎಳೆದೊಯ್ಯುವ ಕೊಕ್ಕೆ) ಮೊದಲೇ ತಿರುಗಿಸಿ ಕೂರಿಸಿ. ಪೆಟ್ರೋಲ್ ಕಾಲು ಟ್ಯಾಂಕ್‌ಗಿಂತ ಕೆಳಗಿಳಿಯದಿರಲಿ. ಟ್ರ್ಯಾಕ್‌ನಲ್ಲಿ ಲೀಟರಿಗೆ ಮೂರು ಕಿ.ಮೀ. ಸಿಕ್ಕರೆ ಪುಣ್ಯ.

ಓಡಿಸುವಾಗ ಒಂದನ್ನೇ ಹೇಳುತ್ತೇನೆ: ತಿರುವಿನ ಮಧ್ಯೆ ಆಕ್ಸಿಲರೇಟರ್‌ನಿಂದ ಕಾಲು ತಟ್ಟನೆ ತೆಗೆಯಬೇಡಿ. ಭಾರ ಮುಂದಕ್ಕೆ ಬಂದು ಹಿಂದಿನ ಟೈರ್ ಹಿಡಿತ ಬಿಡುತ್ತದೆ. ಎಂಜಿನ್ ನಡುವಿರುವ ಕಾರು ತಿರುಗಲು ಶುರುವಾದರೆ ಬಹಳ ಬೇಗ ತಿರುಗುತ್ತದೆ. ಗಟ್ಟಿ ಬ್ರೇಕ್ ನೇರ ರಸ್ತೆಯಲ್ಲೇ ಮುಗಿಸಿ, ಪೆಡಲ್ ಮೆಲ್ಲಗೆ ಬಿಡುತ್ತಾ ತಿರುಗಿಸಿ. ಪಿಎಸ್‌ಎಂ (ಕಾರು ಜಾರದಂತೆ ತಡೆಯುವ ಪೋರ್ಷೆಯ ಎಲೆಕ್ಟ್ರಾನಿಕ್ ವ್ಯವಸ್ಥೆ) ಆಫ್ ಮಾಡಬೇಡಿ. ಅದರ ದೀಪ ಪದೇ ಪದೇ ಮಿನುಗಿದರೆ ತಪ್ಪು ಡ್ರೈವರ್‌ನದು, ಜೊತೆಗೆ ಅದು ಒಂದೊಂದೇ ಚಕ್ರದ ಬ್ರೇಕ್ ಹಿಡಿದು ಪ್ಯಾಡ್ ತಿನ್ನುತ್ತಿರುತ್ತದೆ.

ಒಂದು ಸುತ್ತು ನಿಧಾನ, ಮೂರ್ನಾಲ್ಕು ಸುತ್ತು ಜೋರು, ಕೊನೆಯದು ಬ್ರೇಕ್ ಮುಟ್ಟದಂತೆ. ಪಿಟ್‌ಗೆ ಬಂದಮೇಲೆ ಬ್ರೇಕ್ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ. ಕಾದ ಪ್ಯಾಡ್‌ನ ಪುಡಿ ಡಿಸ್ಕ್‌ನ ಒಂದೇ ಕಡೆ ಅಂಟಿಕೊಂಡು, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೀರಿಂಗ್ ಅದುರುತ್ತದೆ. ಗೇರ್‌ನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ವಿಮೆಯ ವಿಷಯ: ನಮ್ಮ ಮೋಟಾರು ಪಾಲಿಸಿಗಳಲ್ಲಿ ರೇಸಿಂಗ್, ವೇಗದ ಪರೀಕ್ಷೆ ಎರಡನ್ನೂ ಹೊರಗಿಟ್ಟಿರುತ್ತಾರೆ. ಗೋಡೆಗೆ ಗುದ್ದಿದರೆ ಖರ್ಚು ನಿಮ್ಮದೇ ಅಂದುಕೊಂಡೇ ಹೋಗಿ.

ಹೆದ್ದಾರಿ ಹಿಡಿಯುವ ಮೊದಲು ಡೋರ್ ಸ್ಟಿಕ್ಕರ್‌ನಲ್ಲಿರುವಷ್ಟು ಗಾಳಿ ತುಂಬಿಸಬೇಕು, ಅದೂ ಟೈರ್ ಆರಿದ ಮೇಲೆ. ಮನೆಗೆ ಬಂದು ಚಕ್ರ ಬಿಚ್ಚಿದಾಗ ಡಿಸ್ಕ್‌ನ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಗಾಬರಿ ಬೇಡ. ಬಿರುಕು ಉಗುರಿಗೆ ಸಿಕ್ಕಿದರೆ, ಒಂದು ತೂತಿನಿಂದ ಇನ್ನೊಂದಕ್ಕೆ ಸೇರಿದ್ದರೆ, ಅಥವಾ ಡಿಸ್ಕ್‌ನ ಅಂಚು ಮುಟ್ಟಿದ್ದರೆ, ಆ ಆಕ್ಸಲ್‌ನ ಎರಡೂ ಡಿಸ್ಕ್ ಬದಲಿಸಬೇಕು.