ಕೆಂಪು ಬೆಳಕಿನಲ್ಲಿ ಮಾಸಿದ ಹಳದಿ: ನನ್ನ ಅನುಭವ

ಗಿಡದ ಬಣ್ಣಗಳು ಬೆಳಕು ಬಿದ್ದಾಗ ಆಕ್ಸಿಜನ್ನನ್ನು ಕೆರಳಿಸುತ್ತವೆ ಅಂತ ಓದಿದ್ದೆ, ಕಣ್ಣಾರೆ ನೋಡಬೇಕು ಅನ್ನಿಸಿತು. ಲ್ಯಾಬ್‌ನಲ್ಲಿ ಮೊದಲು ಕೈ ಹಾಕಿದ್ದು ಅರಿಶಿನದ ಕರ್ಕ್ಯುಮಿನ್‌ಗೆ. ಅಲ್ಲೇ ಎಡವಿದೆ.

ಹಾಗೆ ಕೆರಳಿದ, ಹೆಚ್ಚು ಶಕ್ತಿಯ ಆಕ್ಸಿಜನ್ನಿಗೆ ಸಿಂಗ್ಲೆಟ್ ಆಕ್ಸಿಜನ್ ಅನ್ನುತ್ತಾರೆ. ಅದನ್ನು ಹಿಡಿಯಲು ನಾನು ಬಳಸಿದ್ದು ಡಿಪಿಬಿಎಫ್. ಹಳದಿ ಬಣ್ಣದ ವಸ್ತು, ಸಿಂಗ್ಲೆಟ್ ಆಕ್ಸಿಜನ್ ತಾಗಿದರೆ ಬಣ್ಣ ಕಳೆದುಕೊಳ್ಳುತ್ತದೆ. ತೊಂದರೆ ಏನೆಂದರೆ ಇದು 410 ನ್ಯಾನೋಮೀಟರ್ ಆಸುಪಾಸಿನ ಬೆಳಕು ಹೀರುತ್ತದೆ, ಕರ್ಕ್ಯುಮಿನ್ ಹೀರುವುದು 425ರ ಹತ್ತಿರ. ನೀಲಿ ಬೆಳಕು ಹಾಯಿಸಿದರೆ ಎರಡೂ ಮಾಸುತ್ತವೆ. ಕರ್ಕ್ಯುಮಿನ್ ಹಾಕದ ಟ್ಯೂಬ್ ಕೂಡ ಮಾಸಿತು! ಅಷ್ಟೂ ದಿನದ ಗ್ರಾಫ್‌ಗಳನ್ನು ಬದಿಗಿಟ್ಟೆ.

ಆಮೇಲೆ ಪಾಲಕ್ ಎಲೆಗೆ ಬಂದೆ. ಕ್ಲೋರೊಫಿಲ್ ಕೆಂಪು ಬೆಳಕನ್ನೂ ಹೀರುತ್ತದೆ, ಡಿಪಿಬಿಎಫ್ ಅದನ್ನು ಮುಟ್ಟುವುದೇ ಇಲ್ಲ. ಎಲೆಯನ್ನು ಎಥನಾಲ್‌ನಲ್ಲಿ ಅರೆದು, ಸೋಸಿ, ತುಂಬಾ ತೆಳುವಾಗಿ ಮಾಡಿಕೊಂಡೆ. ಗಟ್ಟಿಯಾಗಿದ್ದರೆ ಬೆಳಕು ಒಳಗೆ ಇಳಿಯುವುದಿಲ್ಲ, ಜೊತೆಗೆ ಬರುವ ಕೆರೋಟಿನ್ ಕೂಡ ಸಿಂಗ್ಲೆಟ್ ಆಕ್ಸಿಜನ್ನನ್ನು ತಣಿಸಿಬಿಡುತ್ತದೆ. ಎಲೆಯೊಳಗೆ ಅದರ ಕಾವಲು ಕೆಲಸವೇ ಅದು, ಅಲ್ವಾ? ಸುಮ್ನೆ ಒಮ್ಮೆ ಆ ಹಸಿರು ದ್ರಾವಣಕ್ಕೆ ನೀಲಿ ಟಾರ್ಚ್ ಹಿಡಿದೆ, ರಕ್ತದ ಹಾಗೆ ಕೆಂಪಗೆ ಹೊಳೆಯಿತು. ಹೀರಿದ ಶಕ್ತಿಯ ಒಂದು ಪಾಲು ಹೀಗೆ ಬೆಳಕಾಗಿ ಹೊರಟು ಹೋಗುತ್ತದೆ. ಇನ್ನೊಂದು ಪಾಲಿನಿಂದ ಕ್ಲೋರೊಫಿಲ್ ಟ್ರಿಪ್ಲೆಟ್ ಅನ್ನುವ, ಇನ್ನೂ ಶಕ್ತಿ ಉಳಿಸಿಕೊಂಡ ಸ್ಥಿತಿಗೆ ಜಾರುತ್ತದೆ, ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ, ಅಷ್ಟರಲ್ಲಿ ಆಕ್ಸಿಜನ್ ಬಂದು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಪಡೆದುಕೊಳ್ಳುತ್ತದೆ. ಬೆಳಕಿನಿಂದ ಆಕ್ಸಿಜನ್ ಕೆರಳುವ ಎರಡು ಬಗೆಗಳಲ್ಲಿ ಇದು ಎರಡನೆಯದು. ಶಕ್ತಿಯ ಬದಲು ಎಲೆಕ್ಟ್ರಾನ್ ಕೈಬದಲಾದರೆ ಮೊದಲ ಬಗೆ, ಆಗ ಹುಟ್ಟುವುದು ರ‍್ಯಾಡಿಕಲ್‌ಗಳು (ಒಂಟಿ ಎಲೆಕ್ಟ್ರಾನ್ ಇರುವ ಚುರುಕು ಕಣಗಳು), ಸೂಪರ್‌ಆಕ್ಸೈಡ್‌ನಂಥವು.

ಆ ತೆಳು ದ್ರಾವಣಕ್ಕೆ ಡಿಪಿಬಿಎಫ್ ಬೆರೆಸಿ, 660 ನ್ಯಾನೋಮೀಟರ್‌ನ ಕೆಂಪು ಎಲ್‌ಇಡಿ ಹಚ್ಚಿ ನಿಮಿಷಕ್ಕೊಮ್ಮೆ ಅಳೆದೆ. ಹಳದಿ ಇಳಿಯುತ್ತಾ ಹೋಯಿತು. ಕತ್ತಲಲ್ಲಿಟ್ಟ ಟ್ಯೂಬ್ ಹಾಗೇ ಇತ್ತು, ಕ್ಲೋರೊಫಿಲ್ ಇಲ್ಲದ್ದೂ ಹಾಗೇ ಇತ್ತು. ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ನೈಟ್ರೋಜನ್ ಗುಳ್ಳೆ ಹಾಯಿಸಿದ ಟ್ಯೂಬ್: ಅದೇ ಬೆಳಕು, ಅದೇ ಹಸಿರು, ಆಕ್ಸಿಜನ್ ಮಾತ್ರ ಇಲ್ಲ, ಮಾಸುವುದು ಹೆಚ್ಚುಕಡಿಮೆ ನಿಂತೇ ಹೋಯಿತು.

ಆದರೂ ಡಿಪಿಬಿಎಫ್ ಮಾಸಿತು ಅಂದ ಮಾತ್ರಕ್ಕೆ ಸಿಂಗ್ಲೆಟ್ ಆಕ್ಸಿಜನ್ ಅಂತ ಬರೆಯಬೇಡಿ, ಅದು ಬೇರೆ ರ‍್ಯಾಡಿಕಲ್‌ಗಳ ಜೊತೆಗೂ ಸೇರುತ್ತದೆ. ಸಿಂಗ್ಲೆಟ್ ಆಕ್ಸಿಜನ್ನನ್ನು ತಣಿಸುವ ಡಾಬ್ಕೊ ಬೆರೆಸಿ ಮತ್ತೆ ಅಳೆದೆ, ವೇಗ ಚೆನ್ನಾಗಿಯೇ ತಗ್ಗಿತು. ನೇರ ಸಾಕ್ಷಿ ಬೇಕೆಂದರೆ ಸಿಂಗ್ಲೆಟ್ ಆಕ್ಸಿಜನ್ ತಾನೇ ಸೂಸುವ 1270 ನ್ಯಾನೋಮೀಟರ್ ಮಂದ ಬೆಳಕನ್ನೇ ಹಿಡಿಯಬೇಕು, ಅದಕ್ಕೆ ಬೇಕಾದ ಡಿಟೆಕ್ಟರ್ ನನ್ನ ಬಳಿ ಇಲ್ಲ.

ಮುಂದಿನ ಸರದಿ ಸೇಂಟ್ ಜಾನ್ಸ್ ವರ್ಟ್ ಗಿಡದ ಕೆಂಪು ಬಣ್ಣ ಹೈಪೆರಿಸಿನ್‌ದು. ಅದು 590ರ ಹತ್ತಿರ ಹೀರುವುದರಿಂದ ಈ ಸಲ ನೀಲಿ ಬೆಳಕಿನ ಗೋಜಿಲ್ಲ. ಬಾಟಲಿಗೆ ಫಾಯಿಲ್ ಸುತ್ತಿ ಫ್ರಿಜ್‌ನಲ್ಲಿಟ್ಟಿದ್ದೇನೆ.